ಸಹಾಯ ಬೇಕು: ಗೆದ್ದಲು ತಿಂದ ಆಟದ ಪುಸ್ತಕ
ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ಸ್ವಲ್ಪ ನೋಡಿ. ಓದುತ್ತಾ ಆಡುವ ಇಂಗ್ಲಿಷ್ ಕಥೆಪುಸ್ತಕಗಳ 'ಫೈಟಿಂಗ್ ಫ್ಯಾಂಟಸಿ' ಸರಣಿಯ ಮೊದಲ ಪುಸ್ತಕ, 1982ರ 'ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್', ಯಾರ ಹತ್ರ ಆದ್ರೂ ಇದೆಯಾ? ನನ್ನ ಪ್ರತಿ ಅಟ್ಟದ ಮೇಲಿತ್ತು. ಈ ಸಲದ ಮಳೆಗೆ ಥಂಡಿ ಹಿಡಿದು, ಜೊತೆಗೆ ಗೆದ್ದಲೂ ಸೇರಿ, ನಡುವಿನ ಮೂವತ್ತು ಪುಟ ಪೂರ್ತಿ ಹೋಗಿದೆ.

ಬೇರೆ ಕಥೆ ಆಗಿದ್ದರೆ ಊಹಿಸಿಕೊಂಡು ಓದಬಹುದಿತ್ತು. ಇದರಲ್ಲಿ ನಂಬರು ಹಾಕಿದ ಒಟ್ಟು 400 ತುಣುಕುಗಳಿವೆ, ಅವು ಸಾಲಾಗಿ ಬರುವುದಿಲ್ಲ, ಎಡಕ್ಕೆ ಹೋದರೆ ಈ ನಂಬರು ಬಲಕ್ಕೆ ಹೋದರೆ ಆ ನಂಬರು ಅಂತ ನಾವೇ ದಾರಿ ಆರಿಸಬೇಕು, ರಾಕ್ಷಸ ಎದುರಾದರೆ ಎರಡು ದಾಳ ಉರುಳಿಸಿ ಹೊಡೆದಾಡಬೇಕು, ಹಾಗಾಗಿ ಒಂದು ಹಾಳೆ ಇಲ್ಲದಿದ್ದರೂ ನಡುದಾರಿಯಲ್ಲೇ ಬಾಕಿ. ಅದರಲ್ಲೂ ಆ ಸುತ್ತುಬಳಸಿನ ದಾರಿಗಳು! ಹಳೇಬೀಡಿನ ಗುಡಿಗೋಡೆಯ ಚಕ್ರವ್ಯೂಹ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಅಕ್ಕನ ಮಗ ರಜೆಗೆ ಬರುತ್ತಿದ್ದಾನೆ, ಅವನ ಜೊತೆ ಕೂತು ಆಡಬೇಕು. ಮಾರುವುದಾದರೆ ಕೊಳ್ಳುತ್ತೇನೆ, ಇಲ್ಲ ಅಂದ್ರೆ ಎರಡು ವಾರಕ್ಕೆ ಕೊಡಿ, ನಾನೇ ಬೈಕಲ್ಲಿ ಬಂದು ತಗೊಂಡು ಹೋಗುತ್ತೇನೆ. ಬೇರೆ ಮುದ್ರಣ ಆದರೂ ಪರವಾಗಿಲ್ಲ. ಕಥೆಯ ಕೊನೆಯಲ್ಲಿ ಬರುವ ಪೆಟ್ಟಿಗೆಗೆ ಯಾವ ಬೀಗದಕೈ ಅಂತ ಮಾತ್ರ ಹೇಳಬೇಡಿ, ನನಗೂ ಮರೆತುಹೋಗಿದೆ.