ಫ್ರಿಜ್ಜಲ್ಲಿಟ್ಟ ಮಾವು ಹಣ್ಣಾಗುತ್ತಲೇ ಇಲ್ಲ, ಏನು ತಪ್ಪು ಮಾಡಿದೆ?

ತೊಟ್ಟುಕಳಚಿದವ:
ಗಟ್ಟಿ ಮಾವು, ದೋರೆಗಾಯಿ ಪಪ್ಪಾಯಿ, ಒಂದು ಅನಾನಸ್ ತಂದಿದ್ದೆ. ಕೆಡಬಾರದು ಅಂತ ಎಲ್ಲವನ್ನೂ ತೊಳೆದು ನೇರ ಫ್ರಿಜ್ಜಿಗೆ ಹಾಕಿದೆ. ವಾರ ಬಿಟ್ಟು ನೋಡಿದರೆ ಮಾವಿನ ಸಿಪ್ಪೆ ಮೇಲೆಲ್ಲ ಬೂದು ಕಲೆ. ಹೊರಗಿಟ್ಟು ಮೂರು ದಿನ ಆಯಿತು, ಇನ್ನೂ ಹಣ್ಣಾಗಿಲ್ಲ, ಒಂದನ್ನು ಕೊಯ್ದೆ, ಬರೀ ಸಪ್ಪೆ. ಅನಾನಸ್ ಕೂಡ ಹುಳಿ. ಅದು ಸಿಹಿಯಾಗಲಿ ಅಂತ ಕಾಯುತ್ತಿದ್ದೇನೆ.

ಹಿತ್ತಲಮನೆ:
ಫ್ರಿಜ್ಜೇ ತಪ್ಪು. ಅದರ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ, ಮಾವಿನಕಾಯಿಗೆ 12-13 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಒಂದೆರಡು ದಿನ ಪರವಾಗಿಲ್ಲ, ವಾರಗಟ್ಟಲೆ ಇಟ್ಟರೆ ಒಳಗಿನ ಜೀವಕೋಶಗಳೇ ಹಾಳಾಗಿ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ. ಪಪ್ಪಾಯಿ, ಬಾಳೆಕಾಯಿ ಕಥೆಯೂ ಇದೇ. ಮೊದಲು ಹೊರಗೆ ಹಣ್ಣು ಮಾಡಿ, ಆಮೇಲೆ ಫ್ರಿಜ್ಜಲ್ಲಿಡಿ, ನಾಲ್ಕೈದು ದಿನ ಬರುತ್ತದೆ. ಬೇಗ ಹಣ್ಣಾಗಬೇಕಾದರೆ ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡಿ. ಅದರಿಂದ ಬರುವ ಎಥಿಲೀನ್ ಅನಿಲವೇ ಉಳಿದವನ್ನು ಮಾಗಿಸುತ್ತದೆ. ಪ್ಲಾಸ್ಟಿಕ್ ಚೀಲ ಗಂಟು ಕಟ್ಟಿ ಇಡಬೇಡಿ, ಬೆವರಿ ಕೊಳೆಯುತ್ತದೆ.

ಸಿಪ್ಪೆಸುಲಿದವಳು:
ಅನಾನಸ್‌ಗೆ ಕಾಯುವುದು ಸುಮ್ನೆ ವೇಸ್ಟು. ಮಾವು, ಬಾಳೆಯಲ್ಲಿ ಪಿಷ್ಟ ಇರುತ್ತದೆ, ಅದು ಕೊಯ್ದ ಮೇಲೂ ಸಕ್ಕರೆ ಆಗುತ್ತದೆ. ಅನಾನಸ್ಸಲ್ಲಿ ಅಂಥ ದಾಸ್ತಾನು ಇಲ್ಲ, ಗಿಡದಲ್ಲಿದ್ದಾಗ ಬಂದ ಸಿಹಿ ಅಷ್ಟೇ. ಇಟ್ಟರೆ ಬಣ್ಣ ತಿರುಗಬಹುದು, ಮೆತ್ತಗಾಗಬಹುದು, ಹುಳಿ ಮಾತ್ರ ಹಾಗೇ. ಹಾಗಾಗಿ ಕೊಳ್ಳುವಾಗಲೇ ಬುಡದ ಹತ್ತಿರ ಮೂಸಿ ನೋಡಬೇಕು. ಘಮ್ ಅಂದರೆ ತೊಗೊಳ್ಳಿ, ಹೆಂಡದ ಥರ ವಾಸನೆ ಬಂದರೆ ಬಿಡಿ. ನಡುವಿನ ಎಲೆ ಕಿತ್ತು ನೋಡುವ ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ, ಎಲೆ ಸಲೀಸಾಗಿ ಬಂದ ಹಣ್ಣು ಹುಳಿ ಇದ್ದದ್ದು ಎಷ್ಟು ಸಲವೋ!

ಮಾವಿನಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಕೆಲವು ತಳಿ ಹಣ್ಣಾದರೂ ಹಸಿರಾಗಿಯೇ ಇರುತ್ತವೆ. ಬಿಸಿಲು ಬಿದ್ದ ಕಡೆ ಕೆಂಪು ಜಾಸ್ತಿ, ಅದಕ್ಕೂ ಮಾಗುವುದಕ್ಕೂ ಸಂಬಂಧ ಇಲ್ಲ. ತೊಟ್ಟಿನ ಸುತ್ತ ಉಬ್ಬಿ ತುಂಬಿಕೊಂಡಿದ್ದರೆ ಬಲಿತ ಕಾಯಿ. ಎಳೆಯದನ್ನು ಎಷ್ಟು ದಿನ ಇಟ್ಟರೂ ಸುಕ್ಕುಗಟ್ಟುತ್ತದೆಯೇ ಹೊರತು ರುಚಿ ಬರುವುದಿಲ್ಲ. ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಬೇಡಿ, ಒತ್ತಿದ ಜಾಗ ನಾಳೆ ಕಪ್ಪಾಗುತ್ತದೆ, ಪಾಪ ಅದನ್ನು ಇನ್ನೊಬ್ಬರು ಕೊಳ್ಳುತ್ತಾರೆ.

ಹಿತ್ತಲಮನೆ:
ತೊಳೆಯುವುದರ ಬಗ್ಗೆ ಹೇಳಲು ಮರೆತೆ. ಒದ್ದೆ ಹಣ್ಣು ಬೇಗ ಬೂಸು ಹಿಡಿಯುತ್ತದೆ, ತಿನ್ನುವ ಮುಂಚೆ ತೊಳೆದರೆ ಸಾಕು. ಮಾವಿನ ತೊಟ್ಟಲ್ಲಿ ಸೊನೆ ಇದ್ದರೆ ಮಾತ್ರ ಬಂದ ಕೂಡಲೇ ತೊಳೆದು, ಒರೆಸಿ, ಪೂರ್ತಿ ಒಣಗಿಸಿ ಇಡಿ. ಸೊನೆ ತಾಗಿ ತುಟಿ ಸುಡುವವರೂ ಇದ್ದಾರೆ.

ತೊಟ್ಟುಕಳಚಿದವ:
ಅಯ್ಯೋ, ಬಾಳೆಹಣ್ಣನ್ನೂ ಫ್ರಿಜ್ಜಲ್ಲೇ ಇಟ್ಟಿದ್ದೇನೆ, ಸಿಪ್ಪೆ ಕರ್ರಗಾಗಿದೆ. ಎಸೆಯಬೇಕಾ?

ಸಿಪ್ಪೆಸುಲಿದವಳು:
ಇಡುವಾಗ ಹಣ್ಣಾಗಿತ್ತು ಅಲ್ವಾ? ಹಾಗಿದ್ದರೆ ಸಿಪ್ಪೆ ಮಾತ್ರ ಕಪ್ಪು, ಒಳಗೆ ಚೆನ್ನಾಗಿಯೇ ಇರುತ್ತದೆ. ಸುಲಿದು ನೋಡಿ. ಆ ಅನಾನಸ್ಸನ್ನು ಹೆಚ್ಚಿ ಸಕ್ಕರೆ ಹಾಕಿ ಬೇಯಿಸಿಬಿಡಿ. ಹೆಚ್ಚಿದ ಮೇಲೆ ಮಾತ್ರ ಹೊರಗೆ ಬಿಡಬೇಡಿ, ಮುಚ್ಚಿ ಫ್ರಿಜ್ಜಿಗೆ.