ಮರುಭೂಮಿಯ ಜೀಪು ವಿಡಿಯೊ: ನಮ್ಮ ಬ್ಯಾಚಿನ ಗುಂಪಿನಲ್ಲಿ ನಡೆದ ಚರ್ಚೆ

ಫೀನಿಕ್ಸ್‌ನ ಗೆಳೆಯ (ವಿಡಿಯೊದೊಂದಿಗೆ):
ಕಳೆದ ವಾರಾಂತ್ಯ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ತೆಗೆದದ್ದು. ದಾರಿ ಬಿಟ್ಟು ಬಯಲಿಗಿಳಿದು ಎರಡು ಮೈಲಿ ನೇರವಾಗಿ ಹೋದರೆ ಇಂಥ ಜಾಗ ಸಿಗುತ್ತದೆ. ಬಾಡಿಗೆಯಿಲ್ಲ, ಬುಕಿಂಗ್ ಇಲ್ಲ, ಸರ್ಕಾರಿ ಜಮೀನಾದ್ದರಿಂದ ಕೇಳುವವರೂ ಇಲ್ಲ. ಲೊಕೇಶನ್ ಹಾಕಿದ್ದೇನೆ, ನವೆಂಬರ್‌ನಲ್ಲಿ ಎಲ್ಲರೂ ಇಲ್ಲಿಗೇ ಸೇರೋಣ.

ಸ್ಯಾನ್ ಡಿಯಾಗೊದಿಂದ ನಾನು:
ವಿಡಿಯೊವನ್ನು ಎರಡು ಸಲ ನೋಡಿದೆ. ಸಂಜೆಯ ಬೆಳಕು, ಡೇರೆ, ಮಕ್ಕಳ ನಗು ಎಲ್ಲವೂ ಮನಸ್ಸಿಗೆ ಹಿಡಿಸಿದವು. ಆದರೆ ಜೀಪು ದಾರಿಯ ಅಂಚನ್ನು ದಾಟಿ, ಹಿಂದೆ ಯಾವ ಗುರುತೂ ಇಲ್ಲದ ನೆಲದ ಮೇಲೆ, ಕ್ರಿಯೋಸೋಟ್ ಪೊದೆಗಳನ್ನು ತುಳಿದುಕೊಂಡು ಹೋಗುವ ದೃಶ್ಯ ಕಂಡಾಗ ಸುಮ್ಮನಿರಲಾಗಲಿಲ್ಲ. ನಾನೂ ನಾಲ್ಕು ಚಕ್ರ ಚಾಲನೆಯ ಗಾಡಿ ಇಟ್ಟುಕೊಂಡು ಪ್ರತಿ ಚಳಿಗಾಲ ಮರುಭೂಮಿಗೆ ಹೋಗುವವನು. ಆ ಪ್ರೀತಿಯಿಂದಲೇ ಹೇಳುತ್ತಿದ್ದೇನೆ: ಆ ಲೊಕೇಶನ್ನನ್ನು ದಯವಿಟ್ಟು ಅಳಿಸಿ.

ಶಿವಮೊಗ್ಗದ ಗೆಳತಿ:
ನಮ್ಮ ಕಡೆಯ ಗೋಮಾಳದಂಥ ಜಾಗವಲ್ಲವೇ ಅದು? ಎಲ್ಲರಿಗೂ ಸೇರಿದ್ದೆಂದ ಮೇಲೆ ಗಾಡಿ ಓಡಿಸಿದರೆ ತಪ್ಪೇನು?

ನಾನು:
ಗೋಮಾಳದ ಹೋಲಿಕೆ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಅಲ್ಲಿನ ಜಮೀನಿನ ದೊಡ್ಡ ಪಾಲನ್ನು ನೋಡಿಕೊಳ್ಳುವ, ಅಮೆರಿಕ ಸರ್ಕಾರದ ಭೂ ನಿರ್ವಹಣಾ ಬ್ಯೂರೊ ಹುಟ್ಟಿದ್ದೇ 1946ರಲ್ಲಿ, ಜಮೀನು ಹಂಚುವ ಹಳೆಯ ಕಚೇರಿಯನ್ನೂ ಮೇವಿನ ನೆಲದ ಇಲಾಖೆಯನ್ನೂ ಒಂದುಗೂಡಿಸಿದಾಗ. ಇಂದು ದೇಶದಾದ್ಯಂತ ಸುಮಾರು 24.5 ಕೋಟಿ ಎಕರೆ ಅದರ ಸುಪರ್ದಿಯಲ್ಲಿದೆ. ಹೆಚ್ಚಿನ ಕಡೆ ಹಣ ಕೊಡದೆ, ಸಾಮಾನ್ಯವಾಗಿ 14 ದಿನಗಳವರೆಗೆ, ಡೇರೆ ಹಾಕಿಕೊಂಡು ಇರಬಹುದು. ಇಷ್ಟು ದೊಡ್ಡ ಔದಾರ್ಯ ಬೇರೆಲ್ಲಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಆದರೆ ಗಾಡಿಗಳ ವಿಷಯದಲ್ಲಿ ಆ ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮುಕ್ತ ಪ್ರದೇಶದಲ್ಲಿ ಎಲ್ಲಿ ಬೇಕಾದರೂ ಓಡಿಸಬಹುದು, ಸೀಮಿತ ಪ್ರದೇಶದಲ್ಲಿ ಸಾಮಾನ್ಯವಾಗಿ ಗುರುತಿಸಿದ ದಾರಿಗಳಲ್ಲಿ ಮಾತ್ರ, ಮುಚ್ಚಿದ ಪ್ರದೇಶದಲ್ಲಿ ಓಡಿಸುವಂತೆಯೇ ಇಲ್ಲ. ಇದೇ ಮೊಹಾವಿಯ ಜಾನ್ಸನ್ ವ್ಯಾಲಿ ಮುಕ್ತ ಪ್ರದೇಶ, ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯ ಇಂಪೀರಿಯಲ್ ಮರಳು ದಿಬ್ಬಗಳ ಹೆಚ್ಚಿನ ಭಾಗವೂ ಹಾಗೆಯೇ. ವಿಡಿಯೊದಲ್ಲಿರುವುದು ಸೀಮಿತ ಪ್ರದೇಶ; ಲೊಕೇಶನ್ನನ್ನು ನಕ್ಷೆಯಲ್ಲಿ ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ಫೀನಿಕ್ಸ್‌ನ ಗೆಳೆಯ:
ನಿಯಮ ನನಗೂ ಗೊತ್ತು. ಆದರೆ ಜಾನ್ಸನ್ ವ್ಯಾಲಿಯಲ್ಲಿ ಏನಾಯಿತು? ಅದರ ದೊಡ್ಡ ಭಾಗವನ್ನು 2013ರ ಕೊನೆಯ ಕಾನೂನಿನಲ್ಲಿ ಮರೀನ್ ಸೈನಿಕರ ತರಬೇತಿಗೆ ಕೊಟ್ಟರು. ಯೂಟಾದ ಮೋಆಬ್ ಬಳಿ 2023ರಲ್ಲಿ ಒಂದೇ ಆದೇಶದಿಂದ 317 ಮೈಲಿ ದಾರಿಗಳನ್ನು ಮುಚ್ಚಿದರು. ಟ್ಯಾಂಕುಗಳಿಗೆ ಬಿಡುವ ನೆಲದಲ್ಲಿ ನನ್ನ ಜೀಪಿನ ಎರಡು ಗೆರೆಗಳು ಭಾರವೇ? ಮುಂದಿನ ಮಳೆಗೆ ಅಳಿಸಿಹೋಗುತ್ತವೆ.

ನಾನು:
ಜಾನ್ಸನ್ ವ್ಯಾಲಿಯ ಬಗ್ಗೆ ನಿಮ್ಮ ನೋವು ನನ್ನದೂ ಹೌದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಳೆಯ ಮಾತನ್ನು ಒಪ್ಪಲಾರೆ, ಏಕೆಂದರೆ ನೀವೇ ಹೇಳಿದ ಟ್ಯಾಂಕುಗಳೇ ಅದಕ್ಕೆ ಸಾಕ್ಷಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಅಮೆರಿಕದ ಸೇನಾನಿ ಜನರಲ್ ಪ್ಯಾಟನ್ ಸ್ಥಾಪಿಸಿದ ತರಬೇತಿ ಶಿಬಿರಗಳ ಟ್ಯಾಂಕುಗಳು ಇದೇ ಮರುಭೂಮಿಯಲ್ಲಿ ಓಡಾಡಿದವು. 80 ವರ್ಷಗಳ ಮಳೆ, ಗಾಳಿ, ಬಿಸಿಲು ಕಳೆದರೂ ಅವುಗಳ ಪಟ್ಟಿಯ ಗುರುತುಗಳು ಹಲವೆಡೆ ಇನ್ನೂ ಕಾಣುತ್ತವೆ.

ಬರಿಯ ಮಣ್ಣೆಂದು ನಮಗೆ ಕಾಣುವ ಆ ನೆಲದ ಮೇಲ್ಪದರ ಅನೇಕ ಕಡೆ ಜೀವಂತವಾದದ್ದು. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಪಾಚಿ ಮತ್ತು ಕಲ್ಲುಹೂವು (ನಮ್ಮ ಅಡುಗೆಮನೆಯ ಮಸಾಲೆಗೆ ಬೀಳುವ ಕಲ್ಲುಹೂವಿನ ಬಂಧುಗಳೇ) ಸೇರಿ ಮಣ್ಣಿನ ಕಣಗಳನ್ನು ಹೆಣೆದು ಹಿಡಿದಿರುತ್ತವೆ. ಚಕ್ರ ಹರಿದು ಆ ಹೆಣಿಗೆ ಒಡೆದರೆ ಮಣ್ಣು ಗಾಳಿಗೆ ಹಾರುತ್ತದೆ, ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ನಿಮ್ಮ ಜೀಪು ತುಳಿದ ಕ್ರಿಯೋಸೋಟ್ ಒಣಗಿದ ಕುರುಚಲಿನಂತೆ ಕಾಣಬಹುದು. ಆದರೆ ಮೊಹಾವಿಯಲ್ಲಿಯೇ ‘ಕಿಂಗ್ ಕ್ಲೋನ್’ ಎಂದು ಹೆಸರಾದ ಆ ಜಾತಿಯ ಪೊದೆಗಳ ಉಂಗುರವೊಂದಿದೆ, ಅದರ ವಯಸ್ಸು ಸುಮಾರು 11,700 ವರ್ಷ ಎಂದು ಅಂದಾಜಿಸಿದ್ದಾರೆ.

ನಿಮ್ಮ ಊರಿನಿಂದ ಬರುವಾಗ ದಾರಿಯಲ್ಲೇ ಸಿಗುವ ಬ್ಲೈತ್‌ನಲ್ಲಿ ಒಮ್ಮೆ ನಿಲ್ಲಿಸಿ. ಕೊಲರಾಡೊ ನದಿಗೆ ಸಮೀಪದ ಮೇಲ್ದಂಡೆಯಲ್ಲಿ, ಕಪ್ಪುಗಲ್ಲುಗಳನ್ನು ಸರಿಸಿ ತಿಳಿಮಣ್ಣು ಕಾಣುವಂತೆ ಮೂಲನಿವಾಸಿಗಳು ನೆಲದ ಮೇಲೆ ಬಿಡಿಸಿದ ದೈತ್ಯ ಆಕೃತಿಗಳಿವೆ. ದೊಡ್ಡ ಮಾನವಾಕೃತಿಯ ಉದ್ದ 170 ಅಡಿಗೂ ಹೆಚ್ಚು. 1930ರ ದಶಕದ ಆರಂಭದಲ್ಲಿ ಒಬ್ಬ ವಿಮಾನ ಚಾಲಕ ಮೇಲಿನಿಂದ ನೋಡಿದ ಬಳಿಕವೇ ಅವು ಹೊರಜಗತ್ತಿಗೆ ತಿಳಿದದ್ದು. ಈಗ ಸುತ್ತ ಬೇಲಿ ಹಾಕಿದ್ದಾರೆ, ಆದರೆ ಬೇಲಿಗೂ ಮುನ್ನ ಹರಿದ ಚಕ್ರದ ಗೆರೆಗಳು ಒಳಗೆ ಹಾಗೆಯೇ ಉಳಿದಿವೆ. ಅಲ್ಲಿ ಗಾಡಿ ಓಡಿಸಿದವರು ಕೇಡಿಗಳೆಂದು ನಾನು ನಂಬುವುದಿಲ್ಲ. ನೆಲಮಟ್ಟದಲ್ಲಿ ಅವರಿಗೆ ಏನೂ ಕಂಡಿರಲಾರದು.

ನನ್ನದೇ ಅನುಭವವನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಕತ್ತಲಾಗುತ್ತಿದೆ ಎಂಬ ಆತುರದಲ್ಲಿ, ಯಾರೋ ಬಿಟ್ಟುಹೋದ ಒಂದೇ ಜೊತೆ ಗೆರೆಗಳನ್ನು ಹಿಡಿದು ನಾವು ಬಯಲಿಗಿಳಿದು ಡೇರೆ ಹಾಕಿದೆವು. ಮರುವರ್ಷ ಅದೇ ಜಾಗದ ಹತ್ತಿರ ಹಾದುಹೋದಾಗ ಆ ಗೆರೆಗಳು ದಾರಿಯೇ ಆಗಿದ್ದವು, ಕೊನೆಯಲ್ಲಿ ಮೂರು ಗಾಡಿಗಳು ನಿಂತಿದ್ದವು, ಬೆಂಕಿ ಹಾಕಿದ ಕಲ್ಲುಗೂಡುಗಳು ಐದಾರು. ಮೊದಲು ಹೋದವನ ಗೆರೆಯನ್ನು ಗಟ್ಟಿ ಮಾಡಿದ ಎರಡನೆಯವನು ನಾನು. ಈ ಗುಂಪಿನಲ್ಲಿ 140 ಜನರಿದ್ದೇವೆ, ಲೊಕೇಶನ್ ಇಲ್ಲಿಂದ ಇನ್ನೆಷ್ಟು ಗುಂಪುಗಳಿಗೆ ಹೋಗುತ್ತದೆಯೋ. ದಾರಿ ಮುಚ್ಚುವ ಆದೇಶಗಳನ್ನು ನೀವು ದೂರುತ್ತೀರಿ, ಆದರೆ ಇಂಥ ಹೊಸ ದಾರಿಗಳು ಹುಟ್ಟಿದಷ್ಟೂ ಮುಚ್ಚಬೇಕೆನ್ನುವವರ ಕೈಗೆ ಕಾರಣ ಕೊಡುತ್ತಿರುವವರು ನಾವೇ.

ಫೀನಿಕ್ಸ್‌ನ ಗೆಳೆಯ:
ಮುಚ್ಚುವುದಕ್ಕೆ ಅವರಿಗೆ ನನ್ನ ಗೆರೆಯ ಕಾರಣ ಬೇಕಿಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಬ್ಲೈತ್‌ನ ವಿಷಯ ಮಾತ್ರ ನನಗೆ ತಿಳಿದಿರಲಿಲ್ಲ, ಎಷ್ಟೋ ಸಲ ಅದೇ ಹೆದ್ದಾರಿಯಲ್ಲಿ ಹೋಗಿದ್ದೇನೆ. ಲೊಕೇಶನ್ ಅಳಿಸಿದ್ದೇನೆ. ನವೆಂಬರ್‌ಗೆ ಎಲ್ಲಿ ಸೇರೋಣ, ನೀವೇ ಹೇಳಿ.

ನಾನು:
ಜಾನ್ಸನ್ ವ್ಯಾಲಿಯಲ್ಲಿ ನಮಗೆ ಉಳಿದ ಭಾಗದಲ್ಲಿ ಸೇರೋಣ, ಅಲ್ಲಿ ಮನಸ್ಸಿಗೆ ಬಂದ ಹಾಗೆ ಓಡಿಸಬಹುದು. ಡೇರೆಯನ್ನು ಈಗಾಗಲೇ ಬರಿದಾಗಿರುವ ನೆಲದಲ್ಲೇ ಹಾಕೋಣ. ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ನೀರು ತನ್ನಿ, ಬೆಂಕಿ ಹಾಕುವ ಪರವಾನಗಿಯನ್ನು ನಾನು ಪಡೆದಿರುತ್ತೇನೆ. ನಿಂತ ಗಾಡಿಯನ್ನು ಚಾಲೂ ಮಾಡುವ ಮುನ್ನ ಕೆಳಗೆ ಬಗ್ಗಿ ನೋಡುವ ಕೆಲಸವನ್ನು ಮಕ್ಕಳಿಗೆ ವಹಿಸೋಣ. 1990ರಿಂದ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿರುವ ಮರುಭೂಮಿಯ ಆಮೆ ನೆರಳಿಗೆಂದು ಅಲ್ಲಿ ಬಂದು ಕೂರುವುದುಂಟು. ದಾರಿಗಳ ನಕ್ಷೆಯನ್ನು ಇಂದು ರಾತ್ರಿ ಇಲ್ಲಿಯೇ ಹಾಕುತ್ತೇನೆ.