ಬಿಸಿಲು ಏರಿದರೆ ಯೆಜ್ಡಿ ಎಳೆಯೋದೇ ಇಲ್ಲ, ಏನು ನೋಡಲಿ?

ಮಾನ್ವಿ ರೋಡ್ ಸವಾರ:
ಎಲ್ಲರಿಗೂ ನಮಸ್ಕಾರ್ರಿ. ಗಾಡಿ ಯೆಜ್ಡಿ 250, 1984ರದ್ದು, ನಮ್ಮ ಅಪ್ಪಾಜಿ ತಗೊಂಡಿದ್ದು. ಮುಂಜಾನೆ ರಾಯಚೂರಿಂದ ಮಾನ್ವಿ ತನಕ ಒಂದು ತಕರಾರಿಲ್ಲದೆ ಹೋಗ್ತದ. ಮಧ್ಯಾಹ್ನ 42-43 ಡಿಗ್ರಿ ಬಿಸಿಲಾಗ ವಾಪಸ್ ಬರುವಾಗ ಕಲ್ಲೂರು ಹತ್ತಿರ ಬರೋದ್ರೊಳಗ ಎಳೆತ ಬಿಡ್ತದ. ಮೊದಲು ಸಣ್ಣಗೆ ಮಿಸ್ ಹೊಡೀತದ, ಆಮ್ಯಾಲೆ ಎಕ್ಸಿಲೇಟರ್ ಎಷ್ಟು ತಿರುವಿದ್ರೂ 40 ದಾಟಂಗಿಲ್ಲ, ಕಡೀಗೆ ಬಂದ್. ಬೇವಿನ ಗಿಡದ ನೆರಳಿಗೆ ಒಂದಿಷ್ಟು ಹೊತ್ತು ನಿಲ್ಲಿಸಿದ್ರ ಮತ್ತ ಸಲೀಸಾಗಿ ಸ್ಟಾರ್ಟ್ ಆಗ್ತದ.

ಇಲ್ಲಿ ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ತೊಳೆದ್ರು, ಪ್ಲಗ್ ಬದಲು ಮಾಡಿದ್ರು, ಸೈಲೆನ್ಸರ್ ಕರಿ ತೆಗೆದ್ರು, ಕಾರ್ಬೊರೇಟರಿನಾಗ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ರು. ಏನೂ ಫರಕ್ ಇಲ್ಲ. ಈಗ ಬೋರ್ ಮಾಡಿಸಿ, ಅಂದ್ರ ಸಿಲಿಂಡರ್ ಒಳಗ ಕೊರೆಸಿ, ಹೊಸ ಪಿಸ್ಟನ್ ಹಾಕೋಣ ಅಂತಾರ. ಇನ್ನೂ ಸ್ಟ್ಯಾಂಡರ್ಡ್ ಬೋರ್ ಅದ, ಅದನ್ನ ಮುಟ್ಟಿಸಲಿಕ್ಕೆ ನನಗ ಮನಸ್ಸಿಲ್ಲ. ಆಯಿಲ್ ಪೆಟ್ರೋಲ್ ಲೀಟರಿಗೆ 40 ಎಂ.ಎಲ್. ಹಾಕ್ತೀನಿ.

ಹುಬ್ಬಳ್ಳಿ ಟೂ ಸ್ಟ್ರೋಕ್:
ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡ್ರಿ. ಗಾಳಿ ಹೋಗೋ ತೂತು ಮುಚ್ಚಿಕೊಂಡಿದ್ರ ಹಿಂಗಾ ಆಗ್ತೈತಿ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೀರಿ, ಸುಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರ ಅದಾ ಕಾರಣ. ರೊಕ್ಕ ಖರ್ಚಿಲ್ಲ.

ಯಾದವಗಿರಿ ಹಳಬ:
ಬೋರ್ ಮಾಡಿಸಬೇಡಿ ತಮ್ಮಾ, ದಯವಿಟ್ಟು. ತಣ್ಣಗಿದ್ದಾಗ ಪೂರ್ತಿ ಎಳೆಯೋ ಇಂಜಿನ್ ಅದು. ಬಿಸಿಯಾಗಿ ಪಿಸ್ಟನ್ ಹಿಡಿದಿದ್ದರೆ ಹಿಂದಿನ ಚಕ್ರ ಕಟ್ಟಿದ ಹಾಗೆ ಆಗ್ತಿತ್ತು, ಮಿಸ್ ಹೊಡೀತಿರಲಿಲ್ಲ.

ಬಿಸಿಲನ್ನೂ ಪೂರ್ತಿ ದೂರಬೇಡಿ. 25 ಡಿಗ್ರಿಯಿಂದ 43ಕ್ಕೆ ಹೋದರೆ ಗಾಳಿ ಹೆಚ್ಚುಕಡಿಮೆ ಶೇ 6ರಷ್ಟು ತೆಳುವಾಗುತ್ತೆ. ಅಷ್ಟಕ್ಕೆ ಪಿಕಪ್ ಸ್ವಲ್ಪ ಮಂಕಾಗಬಹುದು, ಗಾಡಿ ನಿಲ್ಲಲ್ಲ. ಗಾಳಿ ತೆಳುವಾದರೆ ಪೆಟ್ರೋಲ್ ಪಾಲು ಜಾಸ್ತಿ ಆಗೋದು, ಕಮ್ಮಿ ಅಲ್ಲ. ದೊಡ್ಡ ಜೆಟ್ ಹಾಕಿಸಿದ್ದು ಉಲ್ಟಾ ಕೆಲಸ.

ನನಗೆ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್ ಅಂದರೆ ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲಿನ ಕರೆಂಟನ್ನು ಕಡಿಯೋ ಸ್ವಿಚ್ಚು; ಆ ಸ್ವಿಚ್ಚಿನಲ್ಲಿ ಕಿಡಿ ಹಾರದ ಹಾಗೆ ತಡೆಯೋ ಸಣ್ಣ ಡಬ್ಬಿ ಕಂಡೆನ್ಸರ್. ನಿಮ್ಮ ಗಾಡಿಯಲ್ಲಿ ಅದು ಬಲಗಡೆ ಕವರ್ ಒಳಗೆ, ಡೈನಮೋ ಹತ್ತಿರ ಪಾಯಿಂಟ್ ಪಕ್ಕದಲ್ಲೇ ಕೂತಿರುತ್ತೆ. ಇಂಜಿನ್ ಕಾವೆಲ್ಲ ಅದಕ್ಕೇ. ಹಳೇದಾದ ಕಂಡೆನ್ಸರ್ ತಣ್ಣಗಿದ್ದಾಗ ಸರಿಯಾಗಿರುತ್ತೆ, ಕಾದಾಗ ಕರೆಂಟ್ ಸೋರೋಕೆ ಶುರುಮಾಡುತ್ತೆ, ಆರಿದರೆ ಮತ್ತೆ ಸರಿ. ಅದಕ್ಕೇ ಶೆಡ್ಡಿನಲ್ಲಿ ಯಾರ ಕೈಗೂ ಸಿಗಲ್ಲ. ಗಾಡಿ ನಿಂತ ಜಾಗದಲ್ಲೇ, ಕಾವು ಆರೋ ಮೊದಲು ನೋಡಬೇಕು. ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಪ್ಲಗ್ ಹಿಡಿಯೋಕೆ ದಪ್ಪ ಬಟ್ಟೆ ಜೊತೆಗಿರಲಿ.

ನಿಂತ ತಕ್ಷಣ ಕಾರ್ಬೊರೇಟರಿಗೆ ಹೋಗೋ ಪೆಟ್ರೋಲ್ ಪೈಪ್ ಕಳಚಿ ಪೆಟ್ರೋಲ್ ಧಾರೆಯಾಗಿ ಬರುತ್ತಾ ನೋಡಿ, ಪೈಪ್ ವಾಪಸ್ ಹಾಕಿ ಚೆಲ್ಲಿದ್ದನ್ನು ಒರೆಸಿ. ಆಮೇಲೆ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರ ಹೆಡ್ಡಿನ ಫಿನ್ನಿಗೆ ತಾಗಿಸಿ, ಕಿಕ್ ಹೊಡೀರಿ. ಕವರ್ ತೆಗೆದು ಇನ್ನೊಬ್ಬರು ಪಾಯಿಂಟ್ ನೋಡಲಿ. ಪ್ಲಗ್ಗಿನಲ್ಲಿ ಕಿಡಿ ಹಳದಿಯಾಗಿ ಸಣ್ಣಗಿದ್ದು, ಪಾಯಿಂಟಿನಲ್ಲಿ ಮಾತ್ರ ಚಟಪಟ ದಪ್ಪ ಕಿಡಿ ಹಾರಿದರೆ ಕಂಡೆನ್ಸರ್. ಪಾಯಿಂಟ್ ಶಾಂತವಾಗಿದ್ದು ಪ್ಲಗ್ ಕಿಡಿ ಮಾತ್ರ ಬಡಕಲಾಗಿದ್ದರೆ ಕಾಯಿಲ್ ಕಡೆ ನೋಡಿ.

ಮಾನ್ವಿ ರೋಡ್ ಸವಾರ:
ಇವತ್ತು ನಮ್ಮ ಅಳಿಯನ್ನ ಹಿಂದ ಕೂಡಿಸ್ಕೊಂಡು ಹೋಗಿದ್ದೆ. ಮುಚ್ಚಳ ತೆಗೆದ್ರ ಸಪ್ಪಳಿಲ್ಲ, ಪೆಟ್ರೋಲ್ ಛಲೋ ಬರ್ತದ. ಪಾಯಿಂಟ್ ನೋಡಿದ್ರ ಅಷ್ಟು ಬಿಸಿಲಾಗೂ ಕಿಡಿ ಕಾಣ್ತಿತ್ತು ಸರ್! ಪ್ಲಗ್ಗಿಂದು ಹಳದಿ. ಪಾಯಿಂಟಿನ ಒಂದು ಕಡೆ ಗುಳಿ, ಇನ್ನೊಂದು ಕಡೆ ಸಣ್ಣ ಮೊಳಕೆ ಬಂದಂಗ ಆಗ್ಯಾದ. ಹೊಸ ಕಂಡೆನ್ಸರ್ ಅಂಗಡ್ಯಾಗ ಸಿಗ್ತಾವ, ಆದ್ರ ಎಷ್ಟು ದಿನ ಬಾಳ್ತಾವೋ?

ಯಾದವಗಿರಿ ಹಳಬ:
ಹಾಗಾದರೆ ಅದೇ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಈಗ ಡಬ್ಬದಲ್ಲಿ ಬರೋ ಸಾಮಾನು ಯಾವ ಕಾಲದ್ದು ಅಂತ ನೋಡಿ ಹೇಳೋಕಾಗಲ್ಲ. ಅದನ್ನು ಮತ್ತೆ ಅದೇ ಕಾವಿನಲ್ಲಿ ಕೂರಿಸಬೇಡಿ. ಪಾಯಿಂಟ್ ಇರೋ ಹಳೇ ಅಂಬಾಸಿಡರ್ ಕಾರಿಗೆ ಬರೋ ಕಂಡೆನ್ಸರ್ ತನ್ನಿ, 0.2 ಮೈಕ್ರೋಫ್ಯಾರಡ್ ಆಸುಪಾಸಿನದು. ಹಳೇ ಕಂಡೆನ್ಸರ್ ತಂತಿ ಬಿಡಿಸಿಬಿಡಿ. ಪಾಯಿಂಟಿನಿಂದ ಕಾಯಿಲಿಗೆ ಬರೋ ವೈರ್ ಇದೆಯಲ್ಲ, ಕಾಯಿಲಿನ ಆ ತುದಿಗೇ ಹೊಸದರ ವೈರ್ ಸೇರಿಸಿ, ಮೈಯನ್ನು ಫ್ರೇಮಿಗೆ ಬೋಲ್ಟ್ ಮಾಡಿ. ಬೋಲ್ಟ್ ಕೂರೋ ಜಾಗದಲ್ಲಿ ಪೇಂಟ್ ಕೆರೆದು ಕಬ್ಬಿಣ ಕಾಣಿಸಲೇಬೇಕು, ಇಲ್ಲದಿದ್ದರೆ ಅರ್ತ್ ಸಿಗದೆ ಹೊಸದೂ ಹಾಳು ಅಂದ್ಕೊಳ್ತೀರಿ. ವೈರ್ ಗಿಡ್ಡವಾಗಿರಲಿ.

ಪಾಯಿಂಟ್ ಉಜ್ಜಬೇಡಿ, ಹೊಸದೇ ಹಾಕಿ. ಗ್ಯಾಪ್ 0.4 ಮಿ.ಮೀ. ಇಟ್ಟು ಟೈಮಿಂಗ್, ಅಂದರೆ ಕಿಡಿ ಹಾರೋ ಹೊತ್ತು, ಮತ್ತೆ ಕಟ್ಟಿಸಿ. ಗ್ಯಾಪ್ ಬದಲಾದರೆ ಟೈಮಿಂಗೂ ಜರುಗುತ್ತೆ.

ಮಾನ್ವಿ ರೋಡ್ ಸವಾರ:
ಹಾಕಿಸಿದೆ ಸರ್. ಮಟಮಟ ಮಧ್ಯಾಹ್ನ ಮಾನ್ವಿ ಬಿಟ್ಟು ಎಲ್ಲೂ ನಿಲ್ಲದೆ ಮನಿಗೆ ಬಂದೆ, 60ರಾಗ ಒಂದು ಮಿಸ್ ಇಲ್ಲ. ಅಪ್ಪಾಜಿ ಸಪ್ಪಳ ಕೇಳಿಯೇ ಹೊರಗ ಬಂದ್ರು. ಭಾಳ ಉಪಕಾರ ಆತು. ಹಳೇ ಜೆಟ್ ಈಗ ವಾಪಸ್ ಹಾಕ್ಲೇನು?

ಯಾದವಗಿರಿ ಹಳಬ:
ಬಹಳ ಸಂತೋಷ ಆಯ್ತು. ಜೆಟ್ ಹಾಕಿ, ಆದರೆ 20 ಕಿ.ಮೀ. ಓಡಿಸಿ ಪ್ಲಗ್ ಬಣ್ಣ ನೋಡಿ. ಕಂದು ಬಂದರೆ ಸರಿ. ಬೆಳ್ಳಗೆ ಸುಣ್ಣದ ಹಾಗೆ ಬಂದರೆ ಡೈನಮೋ ಕಡೆ ಕ್ರ್ಯಾಂಕ್ ಆಯಿಲ್ ಸೀಲ್ ಗಾಳಿ ಎಳೀತಿದೆ ಅಂತ ಅನುಮಾನ ಪಡಿ. ಆಗ ಜೋರಾಗಿ ಓಡಿಸದೆ ಇಲ್ಲಿ ಫೋಟೋ ಹಾಕಿ.